ಹೊಸ ಕೋವಿಯ ಕೀಲೆಣ್ಣೆ

ನವೆಂಬರ್ ೧೪, ೧೯೩೬, ಶನಿವಾರ

ಬೆಂಗಳೂರಿನಿಂದ ಬಂದಿಳಿದೆವು. ಮೈಯೆಲ್ಲ ಧೂಳು, ತಲೆಯೊಳಗೆ ಇನ್ನೂ ಬಸ್ಸಿನ ಗಡಗಡ. ಆದರೂ ಇದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಕಾನ್ವೆಂಟಿನಲ್ಲಿ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಈ ಊರಿನ ಮಾತು ಆ ಭಾಷೆಯಲ್ಲಿ ಕೂರುವುದೇ ಇಲ್ಲ. ಅದಕ್ಕೇ ಕನ್ನಡ. ಕಾಗುಣಿತ ತಪ್ಪಿದರೆ ಬೈಯಲು ಇಲ್ಲಿ ಯಾರೂ ಇಲ್ಲ ಎಂಬುದೂ ಒಂದು ಸುಖ.

ನನ್ನವರು ಕೋವಿ ಕೊಂಡರು! ಜೋಡಿ ನಳಿಗೆಯದು, ಸೀಮೆಯಿಂದ ಹಡಗಿನಲ್ಲಿ ಬಂದದ್ದು. ದೊಡ್ಡೇರಿ ಹೋಬಳಿಯಲ್ಲಿ ಇಂಥದ್ದು ಇನ್ನೊಂದಿಲ್ಲವಂತೆ. ನಮ್ಮ ಮಾವ ಶಂಕರಲಿಂಗಪ್ಪನವರು ಊರ ಪಟೇಲರು. ಗುಡ್ಡದ ಚಿರತೆ ಗೊಲ್ಲರಹಟ್ಟಿಯ ಕುರಿಗಳನ್ನು ಬಿಟ್ಟೂಬಿಡದೆ ಹೊತ್ತುಕೊಂಡು ಹೋಗುತ್ತಿದೆ. ಅಮಲ್ದಾರರೇ ಲೈಸೆನ್ಸು ಕೊಡಿಸಿ, ಮಗನ ಕೈಲಿ ಹೊಡೆಸಿ ಎಂದರಂತೆ. ಮಗ ಅಂದರೆ ನನ್ನವರು! ಮದುವೆಯಾಗಿ ಎರಡೇ ತಿಂಗಳಿಗೆ ಚಿರತೆ ಹೊಡೆಯುವ ಗಂಡ ನನ್ನ ಕ್ಲಾಸಿನ ಯಾವ ಹುಡುಗಿಗೆ ಸಿಕ್ಕಿದ್ದಾನೆ?

ಕಂಟೋನ್ಮೆಂಟಿನ ಅಂಗಡಿಯವನು ಬಿಳಿ ಮೀಸೆಯ ಮುದುಕ ದೊರೆ. ಪೆಟ್ಟಿಗೆ ತೆರೆದು ತುಂಬ ಹೊತ್ತು ಇಂಗ್ಲಿಷಿನಲ್ಲಿ ವಿವರಿಸಿದ. ಕಾರ್ಖಾನೆಯಲ್ಲಿ ಕೋವಿಗೆ ಒಳಗೂ ಹೊರಗೂ ದಪ್ಪನೆ ಕೀಲೆಣ್ಣೆ ಬಳಿದು ಕಳಿಸುತ್ತಾರೆ, ಸಮುದ್ರದ ಗಾಳಿಗೆ ತುಕ್ಕು ಹಿಡಿಯದಿರಲಿ ಎಂದು. ಮೊದಲ ಗುಂಡು ಹಾರಿಸುವ ಮುಂಚೆ ಅದನ್ನೆಲ್ಲ ತೆಗೆಯಬೇಕು. ನಳಿಗೆಯೊಳಗೆ ಉಳಿದರೆ ಗುಂಡಿಗೆ ದಾರಿ ಸಿಗದೆ ನಳಿಗೆಯೇ ಬಿರಿಯಬಹುದು. ನನ್ನವರು ಎದೆಯ ಮೇಲೆ ಕೈಕಟ್ಟಿ, ‘ಎಸ್, ಎಸ್’ ಎಂದು ತಲೆಯಾಡಿಸಿದ ಗತ್ತನ್ನು ನೋಡಬೇಕಿತ್ತು. ಯಾವುದೋ ಸಂಸ್ಥಾನದ ಯುವರಾಜ ಎಂದುಕೊಂಡಿರಬೇಕು ಆ ಮುದುಕ. ತೋಟಾ ಎರಡು ಪೆಟ್ಟಿಗೆಯೋ ಮೂರೋ ಎಂದು ಕೇಳಿದಾಗಲೂ ಇವರು ‘ಎಸ್’ ಎಂದೇ ಅಂದರು. ಅವನು ಕಾದ. ನಾನೇ ಎರಡು ಸಾಕೆಂದೆ. ಬೀದಿಗೆ ಬಂದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಅವರೂ ನಕ್ಕರು, ಯಾಕೆಂದು ಕೇಳಲಿಲ್ಲ.

ಬಸ್ಸು ಕೊರಟಗೆರೆಯಲ್ಲಿ ನಿಂತಾಗ ಒಬ್ಬ ವರ್ತಕರು ಪೆಟ್ಟಿಗೆ ನೋಡಿ, ಹಾರ್ಮೋನಿಯಮ್ಮೇ ಎಂದು ವಿಚಾರಿಸಿದರು. ಇವರು ಗಂಭೀರವಾಗಿ ಹೌದೆಂದರು. ಮಧುಗಿರಿ ಬರುವವರೆಗೂ ಆ ಪುಣ್ಯಾತ್ಮರು ಒಂದು ಪದ ನುಡಿಸಿ ಎಂದು ಪೀಡಿಸುತ್ತಲೇ ಇದ್ದರು. ನನ್ನ ಗಂಡನಷ್ಟು ಚೆಂದದ ಗಂಡಸು ಮೈಸೂರು ಸೀಮೆಯಲ್ಲಿಲ್ಲ.

ನವೆಂಬರ್ ೧೫, ಭಾನುವಾರ

ಪೆಟ್ಟಿಗೆ ತೆರೆದದ್ದೇ ರಾಮಾಯಣ.

ನಡುಮನೆಯಲ್ಲಿ ಕಂಬಳಿ ಹಾಸಿ, ಮಾವನವರು ಕನ್ನಡಕ ಏರಿಸಿ ಕೂತರು. ಎಣ್ಣೆಕಾಗದ ಬಿಚ್ಚಿದರೆ ಕೋವಿಯೇ ಕಾಣದು. ಹಳದಿ ಬೆಣ್ಣೆಯಲ್ಲಿ ಅದ್ದಿ ತೆಗೆದಂತಿದೆ. ಬೆರಳಿಟ್ಟರೆ ಬೆರಳು ಹೂತುಹೋಗುತ್ತದೆ, ಎಳೆದರೆ ನೂಲು ನೂಲಾಗಿ ಬರುತ್ತದೆ. ವಾಸನೆ ಅಡುಗೆಮನೆಗೆ ಹೋಯಿತು. ಅತ್ತೆ ಚನ್ನಮಲ್ಲಮ್ಮನವರು ಸೌಟು ಹಿಡಿದೇ ಬಂದರು.

“ಇದೇನ್ ನಾತ ಕಣಪ್ಪ. ಯಾವ ಪ್ರಾಣಿ ನೆಣಾನೋ ಏನೋ. ಲಿಂಗ ಕಟ್ಟಿದ ಮನೇಲಿ ಇದನ್ನ ಇಡ್ತೀರಾ? ಮೊದ್ಲು ಆಚೆ ಸಾಗ್ಸಿ.”

ಮಾವನವರು ಕಂಪನಿ, ಲೈಸೆನ್ಸು, ಅಮಲ್ದಾರರು ಎಂದೆಲ್ಲ ಹೇಳಿದರು. ಅತ್ತೆ ಕೇಳಲಿಲ್ಲ. ಕೋವಿ ಈಗ ಕೊಟ್ಟಿಗೆಯಲ್ಲಿ ಎತ್ತುಗಳ ಜೊತೆ ಬಿಡಾರ ಮಾಡಿದೆ. ನನ್ನವರು ಮಗುವಿನಂತೆ ಮುಖ ಮಾಡಿಕೊಂಡಿದ್ದಾರೆ. ಆ ಮುಖಕ್ಕೆ ಮುತ್ತು ಕೊಟ್ಟು ಸಮಾಧಾನ ಮಾಡಿದೆ. (ಇದನ್ನು ಯಾರಾದರೂ ಓದಿದರೆ ನಾನು ಬಾವಿಗೆ ಬೀಳುತ್ತೇನೆ.)

ನವೆಂಬರ್ ೧೭, ಮಂಗಳವಾರ

ನಾನು ಗೆದ್ದೆ. ಅದೂ ಅತ್ತೆಯ ಎದುರಿಗೆ.

ಅದು ನೆಣವಲ್ಲ, ಪ್ರಾಣಿಯ ಕೊಬ್ಬಲ್ಲ, ಸೀಮೆಎಣ್ಣೆಯ ಹಾಗೆ ಭೂಮಿಯೊಳಗಿಂದ ಬರುವ ಎಣ್ಣೆಯಿಂದ ಮಾಡಿದ್ದು ಎಂದು ಅಂಗಡಿಯ ಮುದುಕ ಹೇಳಿದ್ದು ನನಗೆ ನೆನಪಿತ್ತು. ಹೇಳಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಲಿಂಗ ಮುಟ್ಟಿ ಹೇಳು ಎಂದರು. ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿ ಹೇಳಿದೆ. ತಕ್ಷಣ ಅವರ ಮುಖ ಸಡಿಲವಾಯಿತು. ಭೂಮಿತಾಯಿ ಕೊಟ್ಟದ್ದಾದರೆ ಮೈಲಿಗೆಯೇನು ಎಂದು ಅವರೇ ಕೋವಿಯನ್ನು ಒಳಗೆ ತರಿಸಿದರು. ಹೊರಮೈಯನ್ನು ಹುಣಸೆಹಣ್ಣಿನಲ್ಲಿ ಹಿತ್ತಾಳೆ ತಿಕ್ಕುವ ಉತ್ಸಾಹದಲ್ಲಿ ಒರೆಸಿದರು. ವಿಭೂತಿ ಹಚ್ಚಿ, ಹೂವಿಟ್ಟು, ಕಾಯಿ ಒಡೆದು ಪೂಜೆಯಾಯಿತು. ಹೊರಗೆ ಎಂಥ ಹೊಳಪು! ಕಪ್ಪು ಕೆರೆಯ ನೀರಿನ ಹಾಗೆ.

ನಳಿಗೆ ಬಗ್ಗಿಸಿ ನೋಡಿದರೆ ಒಳಗೆಲ್ಲ ಹಳದಿ ಗಟ್ಟಿಯಾಗಿ ಕೂತಿದೆ. ಇದನ್ನೂ ತೆಗೆಯಬೇಕಲ್ಲ ಎಂದೆ. ಮಾವನವರು ನಕ್ಕುಬಿಟ್ಟರು.

“ಕೀಲೆಣ್ಣೆ ಒರ್ಸಿ ಗಾಡಿ ಹೊಡ್ದೋರ್ನ ಎಲ್ಲಾದ್ರೂ ಕಂಡಿದೀಯೇನಮ್ಮ? ಅಚ್ಚು ಒಣಗಿದ್ರೆ ಚಕ್ರ ಕಿರುಗುಟ್ತದೆ. ಎಣ್ಣೆ ಇದ್ರೆ ಗುಂಡು ಸಲೀಸಾಗಿ ಜಾರ್ಕೊಂಡು ಹೋಯ್ತದೆ. ಕಂಪ್ನಿಯೋರು ದಡ್ಡರಾ, ಪುಕ್ಕಟೆ ತುಂಬಿ ಕೊಡಾಕೆ?”

ಕೂತಿದ್ದವರೆಲ್ಲ ಹೌದೆಂದರು. ಇಲ್ಲಿ ಹುಟ್ಟಿದ ಗಂಡಸರೆಲ್ಲ ಗಾಡಿಯ ಮೇಲೇ ಬೆಳೆದವರು. ಮಾವನವರು ಎದ್ದುಹೋಗಿ ಗಾಡಿಗೆಂದು ಇಟ್ಟ ಹರಳೆಣ್ಣೆಯನ್ನು ಒಂದು ಬಟ್ಟಲು ತಂದು, ಕಡಿಮೆಯಾಗದಿರಲಿ ಎಂದು ಎರಡು ನಳಿಗೆಗೂ ಅಷ್ಟಷ್ಟು ಹೊಯ್ದರು. ಅಂಗಡಿಯವನು ಏನಂದ ಎಂದು ಇವರನ್ನು ಕೇಳಿದರು. ನನ್ನವರು ಗಂಟಲು ಸರಿಮಾಡಿಕೊಂಡು, ಹಾಗೇ ಇರಲಿ ಅಂದ ಅಪ್ಪಾಜಿ ಎಂದರು.

ಬಹುಶಃ ಎಲ್ಲರೆದುರು ಮಾವನವರ ಮಾತು ಮುರಿಯಬಾರದೆಂದು ಹಾಗಂದಿರಬೇಕು. ಎಷ್ಟು ಸೂಕ್ಷ್ಮ ಮನಸ್ಸು ಇವರದು. ಏಕಾಂತದಲ್ಲಿ ಕೇಳುತ್ತೇನೆ.

ನವೆಂಬರ್ ೧೮, ಬುಧವಾರ

ಕೇಳಿದೆ.

ಮೊದಲು ತಮಾಷೆಯಾಗಿಯೇ ಶುರುಮಾಡಿದೆ. ಮುದುಕ ಹೇಳಿದ್ದು ತೆಗೆಯಬೇಕೆಂದು, ಉಳಿದರೆ ನಳಿಗೆ ಬಿರಿಯುತ್ತದೆಂದು ಅಲ್ಲವೇ ಎಂದೆ. ಅವರು ಅಂಗಿಯ ಗುಂಡಿ ಹಾಕುತ್ತಿದ್ದರು. ಹಾಕುತ್ತಲೇ ಇದ್ದರು.

“ಹೊರಗಿಂದು ಒರೆಸಿ, ಒಳಗಿಂದು ಬಿಡಿ ಅಂದ. ನನಗೇ ಹೇಳಿದ್ದು. ನೀನು ಗಾಜಿನ ಬೀರು ನೋಡ್ತಾ ನಿಂತಿದ್ದೆ.”

ನಾನು ಗಾಜಿನ ಬೀರು ನೋಡುತ್ತಿರಲಿಲ್ಲ. ಅವರ ಪಕ್ಕದಲ್ಲೇ ಇದ್ದೆ. ಹಾಗೆಂದೆ. ಕಾನ್ವೆಂಟು ಓದಿದವಳೆಂದು ಗಂಡನಿಗೆ ಪಾಠ ಹೇಳಬೇಡ ಎಂದು ಹೊರಟುಹೋದರು.

ಮದುವೆಯಾದ ಮೇಲೆ ಇಷ್ಟು ಜೋರಾಗಿ ಅವರು ಮಾತನಾಡಿದ್ದು ಇದೇ ಮೊದಲು. ಅತ್ತುಬಿಟ್ಟೆ. ಸಣ್ಣ ಜಗಳ ಎಲ್ಲ ಜೋಡಿಗಳಲ್ಲೂ ಇರುತ್ತದಂತೆ, ಅದೂ ಒಂದು ಸಿಹಿಯಂತೆ. ನಾನೇ ತಪ್ಪು ಕೇಳಿಸಿಕೊಂಡೆನೇನೋ. ಅಂಗಡಿಯಲ್ಲಿ ಗದ್ದಲ ಇತ್ತು.

ಗದ್ದಲ ಇರಲಿಲ್ಲ.

ನವೆಂಬರ್ ೨೦, ಶುಕ್ರವಾರ

ಹಿತಕವರೆ ಸಾರು ಮಾಡಿದ್ದೆ. ನನ್ನವರು ಎರಡು ಸಲ ಬಡಿಸಿಕೊಂಡರು, ಚೆನ್ನಾಗಿದೆ ಎನ್ನಲಿಲ್ಲ. ಕೋವಿ ದೇವರಗೂಡಿನ ಪಕ್ಕದ ಮೊಳೆಯಲ್ಲಿದೆ. ಪೂಜೆಯಾದದ್ದನ್ನು ಯಾರೂ ಮುಟ್ಟಕೂಡದೆಂದು ಮಾವನವರ ಅಪ್ಪಣೆ. ಹೋಗುತ್ತ ಬರುತ್ತ ನನ್ನ ಕಣ್ಣು ಅದರ ಎರಡು ಬಾಯಿಗಳ ಮೇಲೆ ಬೀಳುತ್ತದೆ. ಅಂಚಿನಲ್ಲಿ ಹರಳೆಣ್ಣೆ ಜಿನುಗಿ ಗೋಡೆಯ ಸುಣ್ಣಕ್ಕೆ ಇಳಿದಿದೆ.

ನವೆಂಬರ್ ೨೧, ಶನಿವಾರ

ಬೆಳಿಗ್ಗೆ ಗೊಲ್ಲರಹಟ್ಟಿಯ ಕ್ಯಾತಣ್ಣ ತನ್ನ ಹೆಂಡತಿ ಗೌರಕ್ಕನನ್ನು ಗಾಡಿಯಲ್ಲಿ ಕರೆದುಕೊಂಡು ಬಂದ. ನಿನ್ನೆ ಹೊತ್ತು ಮುಳುಗುವಾಗ ಚಿರತೆ ಕುರಿರೊಪ್ಪದ ಬೇಲಿ ಹಾರಿದೆ. ಗೌರಕ್ಕ ಮರಿಯನ್ನು ಬಿಡದೆ ಎಳೆದಿದ್ದಾಳೆ. ಭುಜದಿಂದ ಮೊಣಕೈವರೆಗೆ ಸೀಳಿಹೋಗಿದೆ. ಅತ್ತೆ ಅರಿಸಿನ ತುಂಬಿ ಕಟ್ಟಿದರು. ಮಧುಗಿರಿ ಆಸ್ಪತ್ರೆಗೆ ಹೋಗೆಂದು ಎಷ್ಟು ಹೇಳಿದರೂ ಗೌರಕ್ಕ ಒಪ್ಪಲಿಲ್ಲ. ಕುರಿಗಳನ್ನು ಯಾರು ನೋಡುತ್ತಾರೆ ಎಂದಳು. ನಾನು ಅವಳ ಕೈ ಹಿಡಿದು ಕೂತಿದ್ದೆ. ಅವಳೇ ನನಗೆ ಹೆದರಬೇಡ ಎಂದಳು.

ಕ್ಯಾತಣ್ಣ ಜಗಲಿಯ ಕೆಳಗೆ ನಿಂತು ಮಾವನವರಿಗೆ ಹೇಳಿದ. “ಕೋವಿ ಬಂದು ವಾರಾತು ಬುದ್ಧಿ. ಚಿರ್ತೆಗೂ ಒಂದ್ ಮುಹೂರ್ತ ಇಡ್ಸಿ, ಬತ್ತದೆ.”

ಮಾವನವರ ಮುಖ ಕೆಂಪಾಯಿತು. ಸೋಮವಾರ ಶಿವನ ವಾರ, ಜೀವ ತೆಗೆಯುವ ಹಾಗಿಲ್ಲ. ಮಂಗಳವಾರ ಸಂಜೆ ಗುಡ್ಡದ ತಪ್ಪಲಿನ ಆಲದ ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವುದೆಂದು ತೀರ್ಮಾನವಾಯಿತು. ಅತ್ತೆ ಒಳಗಿನಿಂದಲೇ, ಕೊಲ್ಲಬೇಡ ಕಣಪ್ಪ, ಸದ್ದು ಮಾಡಿ ಓಡಿಸು ಸಾಕು ಎಂದರು. ನನ್ನ ಗಂಡನ ಮೇಲ್ದುಟಿಯಲ್ಲಿ ಬೆವರಿತ್ತು.

ಅವರು ಈವರೆಗೆ ಒಂದು ಗುಂಡನ್ನಾದರೂ ಹಾರಿಸಿದ್ದಾರೆಯೇ? ಇದನ್ನು ನಾನು ಕೇಳಿಯೇ ಇಲ್ಲ. ಬೆಂಗಳೂರಿನಲ್ಲಿ ಕೇಳಬೇಕೆಂದು ಹೊಳೆಯಲೂ ಇಲ್ಲ.

ನವೆಂಬರ್ ೨೨, ಭಾನುವಾರ

ಮಾವನವರು ಮಧುಗಿರಿಗೆ, ನನ್ನವರು ಅಟ್ಟಣೆ ಕಟ್ಟಿಸಲು ಗುಡ್ಡಕ್ಕೆ. ಅತ್ತೆ ಮಠಕ್ಕೆ ಹೋಗಿದ್ದರು. ಬಾಗಿಲು ಹಾಕಿಕೊಂಡು ಕೋವಿಯನ್ನು ಮೊಳೆಯಿಂದ ಇಳಿಸಿದೆ.

ನಳಿಗೆಯನ್ನು ಹಿಡಿಯಿಂದ ಬೇರೆ ಮಾಡುವುದನ್ನು ಮುದುಕ ತೋರಿಸಿದ್ದ. ಹಿತ್ತಲಲ್ಲಿ ಸಂಡಿಗೆ ಒಣಗಿಸುವ ಚಾಪೆಯ ಮೇಲೆ ಬಿಸಿಲಿಗಿಟ್ಟೆ. ಕಬ್ಬಿಣ ಕಾದಂತೆ ಹಳದಿ ಕರಗಿ, ಹರಳೆಣ್ಣೆಯ ಜೊತೆ ಸೇರಿ ಗೊಣ್ಣೆಯ ಹಾಗೆ ಇಳಿಯಿತು. ಕೋವಿಯ ಜೊತೆ ಬಂದ ಕಡ್ಡಿಯ ತುದಿಗೆ ನನ್ನ ಕಾನ್ವೆಂಟಿನ ಬಿಳಿ ಪೆಟಿಕೋಟನ್ನು ಹರಿದು ಸುತ್ತಿದೆ. ಸೀಮೆಎಣ್ಣೆಯಲ್ಲಿ ಅದ್ದಿ ತೂರಿಸಿದೆ. ಅರ್ಧದಲ್ಲಿ ಸಿಕ್ಕಿಕೊಂಡಿತು. ನಳಿಗೆಯನ್ನು ಮಂಡಿಗಳ ನಡುವೆ ಒತ್ತಿ ಎಳೆಯುತ್ತಿರುವಾಗ ಹಿಂದೆ ಅತ್ತೆ ನಿಂತಿದ್ದರು. ಹಿತ್ತಲ ಬಾಗಿಲನ್ನು ನಾನು ಮರೆತಿದ್ದೆ.

“ಪೂಜೆ ಆಗಿರೋದ್ನ ಏನೇ ಮಾಡ್ತಿದೀಯ?”

ಹೇಳಿದೆ. ಅಳುತ್ತ ಹೇಳಬಾರದೆಂದುಕೊಂಡಿದ್ದೆ, ಅಳಲಿಲ್ಲ.

“ಬಿರಿಯಾದು ಅಂದ್ರೆ ಹೆಂಗೆ ಬಿರೀತದೆ?”

“ಹಾರಿಸುವಾಗ ಕೋವಿಯನ್ನು ಕೆನ್ನೆಗೆ ಒತ್ತಿ ಹಿಡಿಯಬೇಕು ಅತ್ತೆ. ಕಣ್ಣು ಅಲ್ಲೇ ಇರುತ್ತದೆ. ಎಡಗೈ ನಳಿಗೆಯ ಅಡಿಯಲ್ಲೇ ಇರುತ್ತದೆ.”

ಅತ್ತೆ ತಮ್ಮ ಎಡಗೈಯನ್ನು ನೋಡಿಕೊಂಡರು. “ಪೂಜೇಲಿ ಲಿಂಗ ಇಟ್ಕೊಳೋ ಕೈ ಕಣೇ ಅದು,” ಎಂದರು. ಗಂಡನಿಗೆ ಹೇಳಲಿಲ್ಲವೇ ಎಂದು ಕೇಳಿದರು. ಹೇಳಿದೆ ಎಂದೆ.

“ಕೇಳಕಿಲ್ಲ ಅವನು. ಅವರಪ್ಪನ್ನೇ ಇನ್ನೊಂದ್ಸಲ ಹೆತ್ಬುಟ್ಟಿದೀನಿ ನಾನು.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು ನಳಿಗೆಯನ್ನು ಅವುಚಿ ಹಿಡಿದರು. ನಾನು ಕಡ್ಡಿ ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಅವರಿಗೆ ನಗು ಬಂತು, ನನಗೂ ಬಂತು. ಮತ್ತೆ ಶುರುಮಾಡಿದೆವು. ಬಟ್ಟೆ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಹೋದ ಹಾಗೇ ಬೆಳ್ಳಗೆ ಈಚೆ ಬಂತು. ನಳಿಗೆಯನ್ನು ಆಕಾಶಕ್ಕೆ ಹಿಡಿದು ಕೊಟ್ಟೆ. ಅತ್ತೆ ಒಂದು ಕಣ್ಣು ಮುಚ್ಚಿ ನೋಡಿ, ಉಂಗುರದ ಮೇಲೆ ಉಂಗುರ ಇಟ್ಟಂಗೈತೆ ಎಂದರು.

ಗುಂಡು ಹಾರಿಸಲು ಎಳೆಯುವ ಕುದುರೆಯ ಸಂದು, ತೋಟಾ ಕೂರುವ ಮನೆ, ಎಲ್ಲ ಒರೆಸಿದೆ. ವಿಭೂತಿಯನ್ನು ಅತ್ತೆ ಮತ್ತೆ ಮೊದಲಿನ ಹಾಗೇ ಹಚ್ಚಿ ಮೊಳೆಗೆ ತೂಗುಹಾಕಿದರು. ಮೈಯೆಲ್ಲ ಸೀಮೆಎಣ್ಣೆ ವಾಸನೆ. ಸಂಜೆ ನನ್ನವರು ಬಂದು, ದೀಪದ ಎಣ್ಣೆ ಚೆಲ್ಲಿದೆಯೇ ಎಂದು ಕೇಳಿದರು. ಹೌದೆಂದೆ. ಅವರಿಗೆ ನಾನು ಹೇಳಿದ ಮೊದಲ ಸುಳ್ಳು.

ನವೆಂಬರ್ ೨೪, ಮಂಗಳವಾರ, ಮಧ್ಯಾಹ್ನ

ಅವರು ಹೋದರು. ಹೋಗುವ ಮುಂಚೆ ಆದದ್ದನ್ನು ಬರೆದಿಡುತ್ತೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಊಟವಾದ ಮೇಲೆ ಅಂಗಳದಲ್ಲಿ ಜನ ಸೇರಿದರು. ಕ್ಯಾತಣ್ಣ ಮತ್ತು ಹಟ್ಟಿಯ ಗಂಡಸರು, ಊರ ಹಿರಿಯರು. ಅತ್ತೆಯೂ ನಾನೂ ಬಾಗಿಲ ಹಿಂದೆ. ಮಾವನವರು ತೋಟಾ ಹಾಕಿ ತೋರಿಸು ಎಂದರು. ಇವರು ನಳಿಗೆ ಬಗ್ಗಿಸಿದರು. ಒಳಗೆ ಎರಡು ಸುತ್ತು ಬೆಳಕು. ಇವರು ನೋಡಿದರು, ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು.

ಮಾವನವರೂ ಬಗ್ಗಿ ನೋಡಿದರು. ಯಾರು ಮುಟ್ಟಿದ್ದು ಎಂದು ಗುಡುಗಿದರು. ಅತ್ತೆ ಅಳುಕದೆ, ನಾನೇ, ನಾತ ತಡೆಯಲಾರದೆ ಒರೆಸಿದೆ ಎಂದರು. ನನ್ನನ್ನು ಕಾಯಲೆಂದು ಹೇಳಿದ ಮಾತು. ಆದರೆ ಅದರಿಂದ ಎಲ್ಲ ಸಲೀಸಾಗಿ ಕೆಟ್ಟಿತು. ಮಾವನವರು ಹೆಂಗಸರ ಬುದ್ಧಿ ಎಂದು ನಕ್ಕು, ಗಾಡಿಯ ಬಳಿಯಿಂದ ಹರಳೆಣ್ಣೆ ಬಟ್ಟಲನ್ನು ತಾವೇ ತಂದರು. ನಳಿಗೆ ಎತ್ತಿ ಹಿಡಿ ಎಂದರು. ನನ್ನ ಗಂಡ ಎತ್ತಿ ಹಿಡಿದರು. ಅವರಿಗೆ ಆಗ ಗೊತ್ತಿತ್ತು. ಗೊತ್ತಿದ್ದೂ ಎತ್ತಿ ಹಿಡಿದರು.

ನಾನು ಹೊಸಿಲು ದಾಟಿದೆ. ಮಾವನವರೆದುರು, ಊರವರೆದುರು ಸೊಸೆಯರು ಹಾಗೆ ಬರುವ ಮನೆಯಲ್ಲ ಇದು.

“ಮಾವ, ಎಣ್ಣೆ ಹಾಕಬೇಡಿ. ನಳಿಗೆ ಬಿರಿದು ಇವರ ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ. ಅಂಗಡಿಯವನು ಹೇಳಿದ್ದೇ ಅದು.”

ಮಾವನವರು ನನ್ನ ಕಡೆ ತಿರುಗಲಿಲ್ಲ. ಮಗನನ್ನು ಕೇಳಿದರು. “ಹಂಗೇ ಇರ್ಲಿ ಅಂದ ಅಂದ್ಯಲ್ಲಪ್ಪ ನೀನು?”

ಎಲ್ಲರೂ ಅವರನ್ನೇ ನೋಡುತ್ತಿದ್ದರು. ನಾನೂ. ಬಟ್ಟಲು ನಳಿಗೆಯ ಬಾಯಿಯ ಹತ್ತಿರವೇ ಇತ್ತು. ಅವರು ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಸುಳ್ಳುಗಾತಿಯಾಗುತ್ತಿದ್ದೆ. ಅವರು ಆ ಕೋವಿ ಹಿಡಿದು ಗುಡ್ಡಕ್ಕೆ ಹೋಗುತ್ತಿದ್ದರು.

“ಅವನ ಮಾತು ನನಗೆ ಒಂದಕ್ಷರ ತಿಳೀಲಿಲ್ಲ ಅಪ್ಪಾಜಿ,” ಎಂದರು. “ಇವಳಿಗೆ ತಿಳೀತು.”

ಮಾವನವರು ಬಟ್ಟಲನ್ನು ಜಗಲಿಯ ಮೇಲಿಟ್ಟು, ಬೆರಳಿಗೆ ಅಂಟಿದ ಎಣ್ಣೆಯನ್ನು ಮೀಸೆಗೆ ಸವರಿಕೊಂಡು ಒಳಗೆ ಹೋದರು. ಕ್ಯಾತಣ್ಣನೇ ಮಾತೆತ್ತಿದ. “ಸರಿ ಬುಡಿ ಚಿಕ್ಕಬುದ್ಧಿ. ಚಿರ್ತೆಗೂ ಇಂಗ್ಲೀಸ್ ಬರಾಕಿಲ್ಲ. ಹೊಂಡಾಣ.”

ಇವರು ನಗಲಿಲ್ಲ. ನನ್ನನ್ನು ನೋಡಲೂ ಇಲ್ಲ. ಅವರ ಅಂಗಿಯ ಕಾಲರು ಮಡಚಿಕೊಂಡಿತ್ತು. ಸರಿಮಾಡಬೇಕೆಂದು ಕೈ ಎತ್ತುವಷ್ಟರಲ್ಲಿ ಅಂಗಳ ದಾಟಿದ್ದರು.

ಊರೆದುರು ಗಂಡನ ಮಾನ ತೆಗೆದೆ. ಇನ್ನೊಮ್ಮೆ ಅದೇ ಗಳಿಗೆ ಬಂದರೆ ಏನು ಮಾಡುವೆ ಎಂದು ಕೇಳಿಕೊಂಡೆ. ಅದನ್ನೇ.

ಬಿಸಿಲು ಇಳಿಯುತ್ತಿದೆ. ಕೋವಿ ಶುದ್ಧವಾಗಿದೆ, ಅಷ್ಟು ಮಾತ್ರ ನನಗೆ ಗೊತ್ತು. ಗಾಯಗೊಂಡ ಚಿರತೆ ಮರ ಹತ್ತುತ್ತದೆಯೇ ಎಂಬುದು ಗೊತ್ತಿಲ್ಲ. ಅತ್ತೆ ಜಗಲಿಗೆ ಹೋಗಿ ಬರುತ್ತಿದ್ದಾರೆ, ಮತ್ತೆ ಹೋಗುತ್ತಿದ್ದಾರೆ.

ಈಗ ಒಂದು ಸದ್ದು. ಗುಡ್ಡದ ಕಡೆಯಿಂದ. ಒಂದೇ.

ನವೆಂಬರ್ ೨೫, ಬುಧವಾರ

ಅವರು ಬರುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ಮುಖ ನೋಡಲಿಲ್ಲ ನಾನು, ಮೊದಲು ಕೈ ನೋಡಿದೆ. ಎಡಗೈಯಲ್ಲಿ ಲಾಟೀನು ಇತ್ತು. ಬೆರಳುಗಳೆಲ್ಲ ಅದನ್ನು ಹಿಡಿದಿದ್ದವು.

ಮಾವನವರೆದುರು ನಿಂತು ತಾವೇ ಹೇಳಿದರು. ತಪ್ಪಿತು ಅಪ್ಪಾಜಿ, ಹತ್ತಿರವೇ ಬಂದಿತ್ತು, ನನ್ನ ಕೈ ನಡುಗಿತು, ಕೋವಿ ಹಾರಿಸಿದ್ದು ಇದೇ ಮೊದಲು. ಮಾವನವರು ಹೂಂ ಎಂದರು. ಆಮೇಲೆ, ನಾನೂ ಹಾರಿಸಿದವನಲ್ಲ ಎಂದರು. ಅತ್ತೆಗೆ ಮಾತ್ರ ಸಂತೋಷ, ಚಿರತೆಯೂ ಬದುಕಿತು, ಮಗನೂ ಬಂದ. ಗುಂಡಿನ ಸದ್ದಿಗೆ ಕ್ಯಾತಣ್ಣನ ಕುರಿಗಳೇ ಊರೆಲ್ಲ ಚೆದುರಿವೆಯಂತೆ. ಗೌರಕ್ಕ ಕಟ್ಟಿದ ಕೈಯಲ್ಲೇ ಕೂಡಿಸಲು ಓಡಾಡಿದಳಂತೆ. ಚಿರತೆ ಮತ್ತೆ ಬರುತ್ತದೆ. ಬಂದರೆ ಮತ್ತೆ ಕೂರಬೇಕು.

ನನಗೆ ವಿಪರೀತ ಹಸಿವಾಗಿತ್ತು. ಎರಡು ಮುದ್ದೆ ಉಂಡೆ. ಅವರು ಉಣ್ಣಲಿಲ್ಲ. ನಾನೂ ಒತ್ತಾಯಿಸಲು ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಕೋವಿ ತಂದು ಚಾಪೆಯ ಮೇಲಿಟ್ಟು ಎದುರಿಗೆ ಕೂತರು. ಕಡ್ಡಿಯನ್ನೂ ತಂದಿದ್ದರು. ನಳಿಗೆ ಬಿಚ್ಚಲು ನೋಡಿದರು, ಬರಲಿಲ್ಲ. ಮತ್ತೆ ನೋಡಿದರು. ನಾನು ಕೈ ತೊಳೆದುಕೊಳ್ಳಲಿಲ್ಲ, ಕಾದೆ.

“ಹಾರಿಸಿದ ಮೇಲೆ ಏನು ಮಾಡಬೇಕಂತೆ?” ಎಂದು ಕೇಳಿದರು.

ಮೊದಲು ಒಣಬಟ್ಟೆ, ಮದ್ದಿನ ಮಸಿಯೆಲ್ಲ ಬರುವವರೆಗೆ. ಆಮೇಲೆ ಸೀಮೆಎಣ್ಣೆ. ಕೊನೆಗೆ ತೆಳ್ಳಗೆ ಒಂದು ಕೈ ಎಣ್ಣೆ, ಇದೆಯೋ ಇಲ್ಲವೋ ಎನ್ನುವಷ್ಟು. ಮತ್ತೆ ಹಾರಿಸುವ ಮುಂಚೆ ಅದನ್ನೂ ಒರೆಸಬೇಕು. ಹೇಳಿದೆ.

ಅವರು ಕಡ್ಡಿಗೆ ಬಟ್ಟೆ ಸುತ್ತತೊಡಗಿದರು. ತೀರ ದಪ್ಪವಾಯಿತು. ಬಿಚ್ಚಿದರು.

“ನಿಧಾನವಾಗಿ ಇನ್ನೊಂದ್ಸಲ ಹೇಳು,” ಎಂದರು.

ಹೇಳಿದೆ.